ರೀಲಿಲ್ಲದ ಗಾಳ ಕಡಲು ದಾಟಿದ ಬಗೆ: ಟೆಂಕರಾ, ಒಂದು ಪ್ರಕರಣ ಅಧ್ಯಯನ

2009ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಟೆಂಕರಾ ಯುಎಸ್ಎ ಎಂಬ ಪುಟ್ಟ ಕಂಪನಿಯೊಂದು ಆರಂಭವಾಯಿತು. ಅದು ಮಾರಲು ಹೊರಟದ್ದು ದಾರ ಸುತ್ತಿಡುವ ರೀಲು ಇಲ್ಲದ ಗಾಳದ ಕೋಲನ್ನು, ಅಂದರೆ ಜಪಾನಿನ ಬೆಟ್ಟದ ಹಳ್ಳಗಳಲ್ಲಿ ಮೀನು ಹಿಡಿಯುವ ಟೆಂಕರಾ ಎಂಬ ವಿಧಾನದ ಕೋಲನ್ನು. ಫ್ಲೈ ಫಿಶಿಂಗ್, ಅಂದರೆ ಫ್ಲೈ ಎಂದು ಕರೆಯುವ ಪುಕ್ಕದ ಕೃತಕ ಹುಳುವಿನಿಂದ ಮೀನು ಹಿಡಿಯುವುದು, ಎಂದರೆ ರೀಲು, ಬಣ್ಣಬಣ್ಣದ ದಪ್ಪ ದಾರ, ನೂರಾರು ಬಗೆಯ ಕೃತಕ ಹುಳುಗಳ ಡಬ್ಬಿ, ಹತ್ತಾರು ಜೇಬುಗಳ ಅಂಗಿ ಎಂದು ನಂಬಿದ್ದ ದೇಶದಲ್ಲಿ ಇಂಥ ಸರಕಿಗೆ ಗಿರಾಕಿ ಸಿಗುವುದು ಅನುಮಾನವಾಗಿತ್ತು. ಆದರೆ ಐದಾರು ವರ್ಷಗಳೊಳಗೆ ಅದೇ ಬಗೆಯ ಕೋಲುಗಳನ್ನು ಮಾರುವ ಬೇರೆ ಕಂಪನಿಗಳು ಹುಟ್ಟಿಕೊಂಡವು, ಯುರೋಪಿನಲ್ಲಿ ಅದನ್ನು ಕಲಿಸುವವರು ಕಾಣಿಸಿಕೊಂಡರು, ಮತ್ತು ಜಪಾನಿನಲ್ಲಿಯೇ ಬಹುಪಾಲು ಜನ ಕೇಳಿರದಿದ್ದ 'ಟೆಂಕರಾ' ಎಂಬ ಪದ ಇಂಗ್ಲಿಷ್ ಮಾತನಾಡುವ ಮೀನುಗಾಳದವರ ಬಾಯಲ್ಲಿ ನೆಲೆಯೂರಿತು.

ಈ ಬೆಳವಣಿಗೆಯನ್ನು ವಿವರಿಸುವವರು ಸಾಮಾನ್ಯವಾಗಿ 'ಸರಳತೆ' ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಆ ವಿವರಣೆ ಪೂರ್ತಿ ಸುಳ್ಳಲ್ಲವಾದರೂ, ಜಪಾನಿನ ಬೆಟ್ಟದ ಮೀನುಗಾರನಿಗೆ ಈ ಸಲಕರಣೆ ಏಕೆ ಬೇಕಾಗಿತ್ತು ಮತ್ತು ಅಮೆರಿಕದ ಹವ್ಯಾಸಿಗೆ ಅದು ಏಕೆ ಬೇಕಾಯಿತು ಎಂಬ ಎರಡು ಪ್ರಶ್ನೆಗಳನ್ನು ಅದು ಕಲಸಿಬಿಡುತ್ತದೆ. ಮೊದಲನೆಯವನಿಗೆ ಅದು ಹೊತ್ತನ್ನು ಉಳಿಸುವ ಉಪಾಯವಾಗಿತ್ತು, ಎರಡನೆಯವನಿಗೆ ಹೊತ್ತು ಕಳೆಯುವ ಉಪಾಯವಾಯಿತು. ಈ ಪ್ರಕರಣದ ಸ್ವಾರಸ್ಯವೆಲ್ಲ ಈ ತಿರುವಿನಲ್ಲಿದೆ.

ಕೋಲು, ದಾರ, ಕೆಬರಿ

ಟೆಂಕರಾದ ಕೋಲು ಈಗ ಕಾರ್ಬನ್ ನಾರಿನದು. ಒಂದರೊಳಗೊಂದು ಜಾರಿ ಕೂರುವ ಕೊಳವೆಗಳಾಗಿ ಅದನ್ನು ಮಡಚಿದರೆ ಸುಮಾರು ಅರ್ಧ ಮೀಟರ್, ಪೂರ್ತಿ ಎಳೆದರೆ ಮೂರೂಕಾಲರಿಂದ ನಾಲ್ಕೂವರೆ ಮೀಟರ್. ತೂಕ ಬಹುತೇಕ ನೂರು ಗ್ರಾಂ ಒಳಗೇ. ಕೋಲಿನ ತೀರಾ ತುದಿಯಲ್ಲಿ ಲಿಲಿಯನ್ ಎಂದು ಕರೆಯುವ, ಹೆಣೆದ ನೂಲಿನ ಸಣ್ಣ ಬಾಲವೊಂದನ್ನು ಅಂಟಿಸಿರುತ್ತಾರೆ. ಆ ಬಾಲದ ಕೊನೆಗೊಂದು ಗಂಟು ಹಾಕಿ, ಅದರ ಹಿಂದೆ ದಾರದ ಕುಣಿಕೆಯನ್ನು ಸಿಕ್ಕಿಸಿ ಬಿಗಿದರೆ ಮುಗಿಯಿತು. ಸಂಜೆ ಬಿಚ್ಚುವಾಗ ಕುಣಿಕೆಯ ಬಾಲವನ್ನು ಎಳೆದರೆ ಸಾಕು, ಜಾರಿ ಬರುತ್ತದೆ. ದಾರದ ಉದ್ದ ಹೆಚ್ಚುಕಡಿಮೆ ಕೋಲಿನಷ್ಟೇ ಇರುತ್ತದೆ. ಅದರ ತುದಿಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಇನ್ನೊಂದು ಮೀಟರ್ ದಾರ, ಅದರ ತುದಿಗೆ ಕೆಬರಿ.

ಕೆಬರಿ ಎಂಬುದು ಕೂದಲು ಅಥವಾ ಪುಕ್ಕ ಮತ್ತು ಸೂಜಿ ಎಂಬ ಅರ್ಥದ ಎರಡು ಪದಗಳು ಕೂಡಿ ಆದ ಮಾತು. ಕನ್ನಡದಲ್ಲಿ ಪುಕ್ಕಗೊಕ್ಕೆ ಎಂದರೆ ಹೊಂದುತ್ತದೆ. ಪಾಶ್ಚಾತ್ಯರ ಫ್ಲೈಗಳಲ್ಲಿ ಪುಕ್ಕ ಸಾಮಾನ್ಯವಾಗಿ ಹಿಂದಕ್ಕೆ ಬಾಗಿದ್ದರೆ, ಹೊರದೇಶಗಳಲ್ಲಿ ಟೆಂಕರಾದ ಗುರುತಾಗಿ ಹೋಗಿರುವ 'ಸಾಕಾಸಾ ಕೆಬರಿ'ಯಲ್ಲಿ ಪುಕ್ಕ ಕೊಕ್ಕೆಯ ಕಣ್ಣಿನ ಕಡೆಗೆ, ಅಂದರೆ ಮುಂದಕ್ಕೆ ಮುಖ ಮಾಡಿರುತ್ತದೆ. ಗಾಳಿಗೆ ತಿರುಗಿಬಿದ್ದ ಕೊಡೆಯನ್ನು ನೋಡಿದವರಿಗೆ ಅದರ ಆಕಾರ ತಕ್ಷಣ ಹೊಳೆಯುತ್ತದೆ. ಕೋಲಿನ ತುದಿಯನ್ನು ಮೆಲ್ಲನೆ ಮಿಡಿದಾಗ ನೀರಿನೊಳಗೆ ಆ ಪುಕ್ಕಗಳು ಮುಚ್ಚಿ ತೆರೆದು ಉಸಿರಾಡಿದಂತೆ ಕಾಣುತ್ತವೆ. ಹೀಗೆ ಮಿಡಿಯುವುದಕ್ಕೆ ಜಪಾನಿಯಲ್ಲಿ 'ಸಾಸೋಯಿ', ಅಂದರೆ ಕರೆಯುವುದು, ಎನ್ನುತ್ತಾರೆ. ಹಿಂದೆ ಈ ಕೊಕ್ಕೆಗೆ ಲೋಹದ ಕಣ್ಣೂ ಇರುತ್ತಿರಲಿಲ್ಲ. ರೇಷ್ಮೆಯ ಕುಣಿಕೆಯನ್ನೇ ಕಟ್ಟಿಕೊಳ್ಳುತ್ತಿದ್ದರು. ಮೈಗೆ ಮನೆಯ ಹೊಲಿಗೆ ದಾರವೋ, ಬೆಟ್ಟದಲ್ಲಿ ಬೆಳೆಯುವ 'ಝೆನ್ಮಾಯಿ' ಎಂಬ ಜರಿಗಿಡದ ಎಳೆ ಸುರುಳಿಯ ಮೇಲಿನ ಉಣ್ಣೆಯೋ ಆಗುತ್ತಿತ್ತು. ಪುಕ್ಕ ಹೆಣ್ಣು ಫೆಸೆಂಟ್ ಹಕ್ಕಿಯದೋ ಮನೆಯ ಕೋಳಿಯದೋ. ಇಂಥದೇ ಹುಳುವಿನ ನಕಲು ಎಂದು ಹೇಳಲು ಬರುವುದಿಲ್ಲ. ಯಾವುದೋ ಒಂದು ಹುಳು ಎಂದು ಮೀನಿಗೆ ಅನ್ನಿಸಿದರೆ ಸಾಕು.

ಇದೆಲ್ಲ ಕೆಲಸ ಮಾಡುವ ಬಗೆಯನ್ನು ತಿಳಿಯಬೇಕಾದರೆ ಫ್ಲೈ ಫಿಶಿಂಗಿನ ಮೂಲ ತೊಡಕನ್ನು ನೋಡಬೇಕು. ಪುಕ್ಕದ ಹುಳುವಿಗೆ ತೂಕವಿಲ್ಲ, ಎಸೆದರೆ ಹೋಗದು. ಆದ್ದರಿಂದ ದಾರಕ್ಕೇ ತೂಕ ಕೊಟ್ಟು, ದಾರವನ್ನು ಬೀಸಿ, ಅದರ ಬೆನ್ನಿಗೆ ಹುಳು ಹಾರುವಂತೆ ಮಾಡಬೇಕು. ದೂರ ಬೀಸಬೇಕಾದರೆ ದಾರ ದಪ್ಪವಾಗಬೇಕು. ಆದರೆ ದಪ್ಪ ದಾರ ನೀರಿನ ಮೇಲೆ ಬಿದ್ದ ಕೂಡಲೇ ಹೊಳೆಯ ಸೆಳೆತ ಅದನ್ನು ಹಿಡಿದು ಎಳೆಯುತ್ತದೆ, ಹುಳು ಅಸಹಜವಾಗಿ ಓಡುತ್ತದೆ, ಮೀನು ಹೆದರುತ್ತದೆ. ಬೆಟ್ಟದ ಹಳ್ಳದಲ್ಲಿ ಈ ತೊಂದರೆ ಇನ್ನೂ ಹೆಚ್ಚು, ಏಕೆಂದರೆ ಅಲ್ಲಿ ಎರಡು ಬಂಡೆಗಳ ನಡುವೆಯೇ ಮೂರು ಬಗೆಯ ಸೆಳೆತಗಳಿರುತ್ತವೆ. ಟೆಂಕರಾದ ಉತ್ತರ ಬಹಳ ನೇರವಾಗಿದೆ: ದೂರ ಎಸೆಯುವ ಆಸೆಯನ್ನು ಬಿಟ್ಟು, ಕೋಲನ್ನು ಉದ್ದ ಮಾಡಿ, ದಾರವನ್ನು ಹಗುರ ಮಾಡಿ, ಅದನ್ನು ನೀರಿನ ಮೇಲೇ ಎತ್ತಿ ಹಿಡಿಯುವುದು. ಕೆಬರಿ ಮತ್ತು ಒಂದು ಗೇಣು ತುದಿದಾರ ಮಾತ್ರ ನೀರನ್ನು ಮುಟ್ಟುತ್ತದೆ. ಎದುರಿನ ರಭಸದ ನೀರನ್ನು ದಾಟಿ ಬಂಡೆಯ ಹಿಂದಿನ ತಟ್ಟೆಯಗಲದ ನಿಂತ ನೀರಿನಲ್ಲಿ ಹುಳುವನ್ನು ನಾಲ್ಕು ಕ್ಷಣ ನಿಲ್ಲಿಸಬಲ್ಲ ವಿಧಾನ ಇದು. ರೀಲು ಇಲ್ಲದಿರುವುದು ಈ ಲೆಕ್ಕಾಚಾರದ ಫಲವಷ್ಟೇ. ಮಾರುಕಟ್ಟೆಯಲ್ಲಿ ಮಾತ್ರ ಆ ಫಲವೇ ಮುಖ್ಯ ವಿಷಯವಾಗಿ ಕುಳಿತಿತು.

ಬೆಟ್ಟದವರ ಹೊತ್ತಿನ ಲೆಕ್ಕ

ಜಪಾನಿನ ಬೆಟ್ಟದ ಹಳ್ಳಗಳ ಮೀನುಗಳು ಮುಖ್ಯವಾಗಿ ಮೂರು: ಇವಾನಾ, ಯಾಮಾಮೆ ಮತ್ತು ಅಮಾಗೊ. ತಣ್ಣನೆಯ ನೀರಿನಲ್ಲಿ ಬದುಕುವ ಇವೆಲ್ಲ ಟ್ರೌಟ್ ಮೀನಿನ ಬಳಗದವು. ಇವಾನಾ ಹಳ್ಳದ ತೀರಾ ಮೇಲ್ಭಾಗದಲ್ಲಿ, ಮಂಜು ಕರಗಿ ಹರಿಯುವ ಕಡೆ ಇರುತ್ತದೆ. ಕಿಸೊ, ಹಿದಾ, ಅಕಿಯಾಮಾಗೊದಂಥ ಬೆಟ್ಟಸೀಮೆಗಳಲ್ಲಿ ಈ ಮೀನನ್ನು ಹಿಡಿದು ಬಿಸಿನೀರಿನ ಬುಗ್ಗೆಗಳ ಬಳಿಯ ಛತ್ರಗಳಿಗೆ ಮಾರಿ ಬದುಕುತ್ತಿದ್ದ ವೃತ್ತಿಗಾರರಿದ್ದರು. ಅವರಿಗೆ 'ಶೋಕುರ್ಯೋಶಿ' ಎಂದು ಹೆಸರು. ಬಿದಿರಿನ ಕೋಲು, ಕುದುರೆಯ ಬಾಲದ ಕೂದಲನ್ನು ಹೊಸೆದ ದಾರ, ಸೊಂಟಕ್ಕೊಂದು ಬುಟ್ಟಿ ಇಷ್ಟೇ ಅವರ ಸಲಕರಣೆ.

ಈ ಮೀನುಗಾರಿಕೆಯ ಬಗ್ಗೆ ಸಿಗುವ ಮೊದಲ ಬರಹಗಳಲ್ಲಿ ಒಂದು ಜಪಾನಿಯರದ್ದಲ್ಲ ಎಂಬುದು ವಿಚಿತ್ರವೆನಿಸಬಹುದು. ಬ್ರಿಟಿಷ್ ರಾಜತಾಂತ್ರಿಕ ಅಧಿಕಾರಿ ಅರ್ನೆಸ್ಟ್ ಸೇಟೊ 1878ರಲ್ಲಿ ತಾತೆಯಾಮಾ ಪರ್ವತದ ಕಡೆ ಪ್ರವಾಸ ಮಾಡಿದಾಗ, ಅಲ್ಲಿನವರು ಪುಕ್ಕದ ಕೊಕ್ಕೆಯಿಂದ ಇವಾನಾ ಹಿಡಿಯುವುದನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟ. ಬೆಟ್ಟದವರಿಗೆ ಇದನ್ನು ಬರೆದಿಡುವ ಅಗತ್ಯ ಕಂಡಿರಲಿಲ್ಲ. ಕೈಯಿಂದ ಕೈಗೆ ಹೋಗುವ ಕಸುಬಿಗೆ ಕಾಗದ ಬೇಕಾಗುವುದಿಲ್ಲ. 'ಟೆಂಕರಾ' ಎಂಬ ಹೆಸರೂ ಎಲ್ಲೆಡೆ ಇದ್ದದ್ದಲ್ಲ. ಹೆಚ್ಚಿನವರು ಕೆಬರಿಯ ಮೀನುಗಾರಿಕೆ ಎಂದಷ್ಟೇ ಕರೆಯುತ್ತಿದ್ದರು. 'ಆಕಾಶದಿಂದ' ಎಂದು ಅದಕ್ಕೆ ಕೊಡುವ ಅರ್ಥ ಕೇಳಲು ಚೆಂದವಾಗಿದೆ, ಮೇಲಿನಿಂದ ಹುಳು ಇಳಿಯುವ ಚಿತ್ರವನ್ನೂ ಕೊಡುತ್ತದೆ, ಆದರೆ ಪದದ ಹುಟ್ಟು ಇತ್ಯರ್ಥವಾಗಿಲ್ಲ.

ವೃತ್ತಿಗಾರನ ದೃಷ್ಟಿಯಿಂದ ಈ ಸಲಕರಣೆಯನ್ನು ನೋಡಿದರೆ ಪ್ರತಿಯೊಂದಕ್ಕೂ ಕೂಲಿಯ ಲೆಕ್ಕವಿದೆ. ಕೆಬರಿ ಬದಲಾಯಿಸುತ್ತ ಕೂತರೆ ಆ ಹೊತ್ತಿನಲ್ಲಿ ಸಿಗಬೇಕಾದ ಮೀನು ತಪ್ಪುತ್ತದೆ, ಆದ್ದರಿಂದ ಒಂದೇ ಕೆಬರಿ. ಎರೆಹುಳು ಹುಡುಕಿ, ಚುಚ್ಚಿ, ಸತ್ತದ್ದನ್ನು ತೆಗೆಯುವ ಕೆಲಸವೂ ಹೊತ್ತು ತಿನ್ನುತ್ತದೆ, ಆದ್ದರಿಂದ ಪುಕ್ಕ. ಒಂದು ಗುಂಡಿಯಲ್ಲಿ ಎರಡು ಮೂರು ಸಲ ಇಳಿಸಿ, ಮೀನು ಬಾರದಿದ್ದರೆ ಮೇಲಿನ ಗುಂಡಿಗೆ ಹತ್ತಬೇಕು. ಸಂಜೆಯೊಳಗೆ ಬುಟ್ಟಿ ತುಂಬಿ, ಮೀನು ಕೆಡುವ ಮುನ್ನ ಛತ್ರದ ಅಡುಗೆಮನೆ ಮುಟ್ಟಬೇಕು. ಇದನ್ನು ಸರಳ ಜೀವನದ ತತ್ವ ಎಂದು ಯಾರಾದರೂ ಆತನಿಗೆ ಹೇಳಿದ್ದರೆ ಬಹುಶಃ ನಕ್ಕು ಮುಂದಿನ ಬಂಡೆ ಹತ್ತುತ್ತಿದ್ದ.

20ನೇ ಶತಮಾನದಲ್ಲಿ ಈ ಕಸುಬು ಕರಗಿತು. ಬೆಟ್ಟದ ಊರುಗಳು ಖಾಲಿಯಾದವು, ಸಾಕಿದ ಮೀನು ಸುಲಭವಾಗಿ ಸಿಗತೊಡಗಿತು. ಉಳಿದುಕೊಂಡದ್ದು ಹವ್ಯಾಸವಾಗಿ, ಅದೂ ಸಣ್ಣ ಗುಂಪಿನಲ್ಲಿ. ಜಪಾನಿನ ಪೇಟೆಯ ಹವ್ಯಾಸಿಗಳು ರೀಲಿನ ಕಡೆಗೂ ಪಾಶ್ಚಾತ್ಯ ಫ್ಲೈ ಫಿಶಿಂಗಿನ ಕಡೆಗೂ ಹೋದರು.

2009ರಲ್ಲೇ ಏಕೆ

ಟೆಂಕರಾದ ಬಗ್ಗೆ ಇಂಗ್ಲಿಷಿನಲ್ಲಿ ಮಾಹಿತಿ 2009ಕ್ಕೆ ಮೊದಲು ಇರಲೇ ಇಲ್ಲ ಎನ್ನುವಂತಿಲ್ಲ. ಜಪಾನಿನ ಹವ್ಯಾಸಿ ಯೋಶಿಕಾಜು ಫುಜಿಯೋಕಾ ಹಲವು ವರ್ಷಗಳ ಹಿಂದೆಯೇ ತನ್ನ ಪ್ರದೇಶದ ಹಳ್ಳಗಳ, ಕೆಬರಿಗಳ ವಿವರಗಳನ್ನು ಇಂಗ್ಲಿಷಿನಲ್ಲಿ ಅಂತರಜಾಲಕ್ಕೆ ಹಾಕಿದ್ದರು. ಅದನ್ನು ಓದಿದವರಿಗೆ ಕೊಳ್ಳಲು ಕೋಲು ಸಿಗುತ್ತಿರಲಿಲ್ಲ, ಅಷ್ಟೇ. ಬ್ರೆಜಿಲ್ ಮೂಲದ ಡೇನಿಯಲ್ ಗಾಲ್ಯಾರ್ಡೊ ಜಪಾನಿಗೆ ಹೋದಾಗ ಈ ವಿಧಾನದ ಪರಿಚಯವಾಗಿ, ಮರಳಿ ಬಂದು ಕಂಪನಿ ಕಟ್ಟಿದರು. ಅವರು ಮಾಡಿದ ಮುಖ್ಯ ಕೆಲಸವೆಂದರೆ ಚದುರಿದ ಮಾಹಿತಿಗೆ ಒಂದು ಹೆಸರು, ಒಂದು ಸರಕು ಮತ್ತು 'ಕೋಲು, ದಾರ, ಫ್ಲೈ' ಎಂಬ ಮೂರು ಪದಗಳ ಒಂದು ಘೋಷಣೆಯನ್ನು ಒದಗಿಸಿದ್ದು.

ಅದೇ ವರ್ಷದ ಮೇ ತಿಂಗಳಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಯಾಟ್ಸ್‌ಕಿಲ್ ಫ್ಲೈ ಫಿಶಿಂಗ್ ಸಂಗ್ರಹಾಲಯದಲ್ಲಿ ಡಾ. ಹಿಸಾವೊ ಇಶಿಗಾಕಿ ಟೆಂಕರಾದ ಪ್ರಾತ್ಯಕ್ಷಿಕೆ ನೀಡಿದರು. ಜಪಾನಿನಲ್ಲಿ ಈ ಹವ್ಯಾಸವನ್ನು ಟಿವಿಯ ಮೂಲಕವೂ ಬರಹದ ಮೂಲಕವೂ ಹರಡಿದವರು ಅವರು, ವೃತ್ತಿಯಿಂದ ಪ್ರಾಧ್ಯಾಪಕರು. ಕ್ಯಾಟ್ಸ್‌ಕಿಲ್ ಬೆಟ್ಟಗಳೆಂದರೆ ಅಮೆರಿಕದ ಫ್ಲೈ ಫಿಶಿಂಗಿನ ತವರುಮನೆ ಎಂದೇ ಹೆಸರಾದ ಜಾಗ. ಅಲ್ಲಿಗೆ ರೀಲಿಲ್ಲದ ಕೋಲು ಹಿಡಿದು ಹೋಗಿದ್ದು, ಬೇಕೆಂದೇ ಮಾಡಿದ್ದೋ ಅಲ್ಲವೋ, ಜಾಣ ನಡೆಯಾಗಿತ್ತು.

ಕಾಲವೂ ಕೂಡಿಬಂದಿತ್ತು. ಅಮೆರಿಕ ಆರ್ಥಿಕ ಹಿಂಜರಿತದಲ್ಲಿತ್ತು, ಫ್ಲೈ ಫಿಶಿಂಗ್ ದುಬಾರಿ ಹವ್ಯಾಸವೆಂಬ ಹೆಸರು ಪಡೆದಿತ್ತು. ಇನ್ನೊಂದೆಡೆ ಬೆನ್ನಚೀಲದ ಪ್ರತಿ ಗ್ರಾಮನ್ನೂ ತೂಗಿ ಬೆಟ್ಟ ಹತ್ತುವ, ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ಕತ್ತರಿಸಿ ಒಯ್ಯುವ ಚಾರಣಿಗರ ಗುಂಪು ಬೆಳೆಯುತ್ತಿತ್ತು. ನೂರು ಗ್ರಾಂ ಒಳಗಿನ, ಚೀಲದ ಪಕ್ಕದಲ್ಲಿ ಸಿಕ್ಕಿಸಬಹುದಾದ ಗಾಳ ಅವರಿಗೆ ವರದಂತೆ ಕಂಡಿತು. ನನ್ನ ಅಂದಾಜಿನಲ್ಲಿ ಟೆಂಕರಾವನ್ನು ಮೊದಲು ಹೊತ್ತು ತಿರುಗಿದವರು ಹಳೆಯ ಮೀನುಗಾಳದವರಿಗಿಂತ ಹೆಚ್ಚಾಗಿ ಈ ಚಾರಣಿಗರೇ. ಕೊಲರಾಡೊ, ಯೂಟಾ, ಅಪಲಾಚಿಯನ್ ಬೆಟ್ಟಗಳ ಕಿರುಹಳ್ಳಗಳು ಜಪಾನಿನ ಹಳ್ಳಗಳಿಗೆ ದೂರದ ನೆಂಟರಂತಿರುವುದೂ ನೆರವಾಯಿತು. ಮುಂದೆ ಚಾರಣದ ಉಡುಪು ಮಾಡುವ ಪ್ಯಾಟಗೋನಿಯಾ ಕಂಪನಿಯ ಸ್ಥಾಪಕ ಇವಾನ್ ಶುಯ್ನಾರ್ಡ್ ಈ ವಿಧಾನವನ್ನು ಮೆಚ್ಚಿ, 2014ರಲ್ಲಿ ಸಹಲೇಖಕರೊಡನೆ ಇದರ ಬಗ್ಗೆ ಪುಸ್ತಕ ತಂದಾಗ, ಮೀನು ಹಿಡಿಯದವರ ಕಿವಿಗೂ ಹೆಸರು ಬಿತ್ತು.

ಸರಕು ಮೊದಲು, ಕಸುಬು ಆಮೇಲೆ

ಆರಂಭದ ವರ್ಷಗಳಲ್ಲಿ ಕಡಲು ದಾಟಿದ್ದು ಕೋಲು ಮಾತ್ರ ಎಂಬುದಕ್ಕೆ ಸಾಕ್ಷ್ಯ ಬೇಕಷ್ಟಿದೆ. ಕಂಪನಿಯ ಮೊದಲ ಕೋಲುಗಳಲ್ಲಿ ಒಂದಕ್ಕೆ 'ಆಯು' ಎಂದು ಹೆಸರಿಟ್ಟಿದ್ದರು. ಆಯು ಜಪಾನಿಯರ ಅಕ್ಕರೆಯ ಮೀನು ನಿಜ, ಆದರೆ ಅದನ್ನು ಟೆಂಕರಾದಲ್ಲಿ ಹಿಡಿಯುವುದಿಲ್ಲ. ಬಂಡೆಯ ಪಾಚಿ ತಿನ್ನುವ ಆ ಮೀನು ತನ್ನ ಜಾಗಕ್ಕೆ ಬಂದ ಇನ್ನೊಂದು ಆಯುವನ್ನು ಡಿಕ್ಕಿ ಹೊಡೆದು ಓಡಿಸುತ್ತದೆಂದು ತಿಳಿದ ಜಪಾನಿಯರು, ಜೀವಂತ ಆಯುವನ್ನೇ ದಾರಕ್ಕೆ ಕಟ್ಟಿ ಬಿಟ್ಟು, ಜಗಳಕ್ಕೆ ಬಂದದ್ದನ್ನು ಕೊಕ್ಕೆಯಲ್ಲಿ ಸಿಕ್ಕಿಸುತ್ತಾರೆ. ಅದರ ಕೋಲೇ ಎಂಟೊಂಬತ್ತು ಮೀಟರ್. ಮೊದಮೊದಲು ಮಾರಿದ ದಾರಗಳು ಹೊಸೆದು ಮಾಡಿದ ಸಾಂಪ್ರದಾಯಿಕ ದಾರಗಳು. ಈಗಿನ ಜಪಾನಿ ಹವ್ಯಾಸಿಗಳು ಬಹುವಾಗಿ ಬಳಸುವ, ಉದ್ದಕ್ಕೂ ಒಂದೇ ದಪ್ಪವಿರುವ ಫ್ಲೋರೋಕಾರ್ಬನ್ ದಾರ ಆಮೇಲೆ ಮುಂಚೂಣಿಗೆ ಬಂತು. ಗಿರಾಕಿಗಳಂತೂ ತಮ್ಮ ಹಳೆಯ ಡಬ್ಬಿಯ ನೂರಾರು ಫ್ಲೈಗಳನ್ನೇ ಹೊಸ ಕೋಲಿಗೆ ಕಟ್ಟಿ ಹೊರಟರು.

ಗಾಲ್ಯಾರ್ಡೊ ಈ ಕೊರತೆಯನ್ನು ಮುಚ್ಚಿಡಲಿಲ್ಲ ಎಂಬುದು ಅವರ ಬಗ್ಗೆ ಹೇಳಲೇಬೇಕಾದ ಮಾತು. 2011ರಲ್ಲಿ ಅವರು ಗಿಫು ಪ್ರಾಂತ್ಯದ ಮಾಜೆ ಎಂಬ ಬೆಟ್ಟದ ಹಳ್ಳಿಯಲ್ಲಿ ವಾರಗಟ್ಟಲೆ ನೆಲೆಸಿ ಅಲ್ಲಿನ ಹಿರಿಯರಿಂದ ಕಲಿತರು. ಅಂಗಡಿ ತೆರೆದು ಎರಡು ವರ್ಷದ ಮೇಲೆ ಅಂಗಡಿಯವನೇ ಪಾಠಶಾಲೆಗೆ ಸೇರಿದಂತಾಯಿತು. ಅದೇ ವರ್ಷ ಮೊಂಟಾನಾದ ವೆಸ್ಟ್ ಯೆಲ್ಲೊಸ್ಟೋನ್‌ನಲ್ಲಿ ಕಂಪನಿಯ ಮೊದಲ ಸಮಾವೇಶವೂ ನಡೆಯಿತು. ಬರಬರುತ್ತ ಕಂಪನಿ ಮಾರುವ ಕೆಬರಿಗಳು ನಾಲ್ಕೇ ಬಗೆಗೆ ಇಳಿದವು.

ಇಲ್ಲಿ ಇನ್ನೊಂದು ಜಾರುವಿಕೆಯಿದೆ. 'ಒಂದೇ ಕೆಬರಿ ಸಾಕು' ಎಂಬುದು ಹೊರದೇಶಗಳಲ್ಲಿ ಟೆಂಕರಾದ ಶಾಸನದಂತೆ ಹಬ್ಬಿತು. ಇಶಿಗಾಕಿ ಅದನ್ನು ಪ್ರತಿಪಾದಿಸುವವರೇ. ಆದರೆ ಜಪಾನಿನಲ್ಲಿ ಎರಡು ಮೂರು ಬಗೆ ಇಟ್ಟುಕೊಳ್ಳುವವರಿದ್ದಾರೆ, ನೀರು, ಋತು ನೋಡಿ ಬದಲಾಯಿಸುವವರೂ ಇದ್ದಾರೆ. ಹತ್ತು ಜನಕ್ಕೆ ಹತ್ತು ಬಣ್ಣ ಎಂಬ ಜಪಾನಿ ಗಾದೆಯನ್ನು ಅಲ್ಲಿನವರು ಟೆಂಕರಾಕ್ಕೂ ಅನ್ವಯಿಸುತ್ತಾರೆ. ಒಬ್ಬೊಬ್ಬ ಬೆಟ್ಟದವನೂ ತನ್ನ ಹಳ್ಳಕ್ಕೆ ಹೊಂದುವಂತೆ ಕಟ್ಟಿಕೊಂಡದ್ದನ್ನು ಒಂದೇ ಸಿದ್ಧಾಂತವಾಗಿ ಮಡಚಿ ರಫ್ತು ಮಾಡಿದರೆ ಅದು ಸುಲಭವಾಗಿ ಸಾಗುತ್ತದೆ, ನಿಜ. 'ಪ್ರಾಚೀನ' ಎಂದು ಮಾರಿದ್ದರಲ್ಲಿ ಕಾರ್ಬನ್ ಕೋಲೂ ಫ್ಲೋರೋಕಾರ್ಬನ್ ದಾರವೂ 20ನೇ ಶತಮಾನದ ಕೊಡುಗೆಗಳೆಂಬುದನ್ನೂ ಮರೆಯಬಾರದು.

ಆಕ್ಷೇಪಗಳು ಮತ್ತು ಮಿತಿಗಳು

ಅಮೆರಿಕದ ಹಳಬರು ಎತ್ತಿದ ಮೊದಲ ಆಕ್ಷೇಪ ಇದು ತಾವು ಬಾಲ್ಯದಲ್ಲಿ ಹಿಡಿದ ಬಿದಿರುಕೋಲೇ ಅಲ್ಲವೇ ಎಂಬುದು. ಮಲೆನಾಡಿನ ಓದುಗರಿಗೂ ಇಷ್ಟು ಹೊತ್ತಿಗೆ ಅದೇ ಅನ್ನಿಸಿರಬಹುದು: ಮಳೆಗಾಲದ ಹೊಸ ನೀರಿಗೆ ಬಿದಿರು ಕೋಲಿನ ತುದಿಗೆ ದಾರ ಕಟ್ಟಿ, ಎರೆಹುಳು ಚುಚ್ಚಿ ಹಳ್ಳದ ದಂಡೆಯಲ್ಲಿ ಕೂತವರಿಗೆ ರೀಲಿಲ್ಲದ ಗಾಳ ಎಂಬುದೇ ವಿಶೇಷವಲ್ಲ. ವ್ಯತ್ಯಾಸ ಎಸೆತದಲ್ಲಿದೆ. ಅಲ್ಲಿ ಎರೆಹುಳುವಿನ ಅಥವಾ ಸೀಸದ ತೂಕ ದಾರವನ್ನು ಒಯ್ಯುತ್ತದೆ, ಗಾಳದವನು ಕಾಯುತ್ತಾನೆ. ಟೆಂಕರಾದಲ್ಲಿ ತುದಿಯಲ್ಲಿ ತೂಕವೇ ಇಲ್ಲ. ತೋರುಬೆರಳನ್ನು ಹಿಡಿಯ ಮೇಲೆ ನೇರ ಇಟ್ಟು, ಮಣಿಕಟ್ಟಿನಿಂದ ಕೋಲನ್ನು ಹಿಂದಕ್ಕೆ ಬೀಸಿ, ತಲೆಯ ಮೇಲೆ ಕ್ಷಣ ತಡೆದು, ಮುಂದಕ್ಕೆ ತಳ್ಳಿ ಗಕ್ಕನೆ ನಿಲ್ಲಿಸಿದಾಗ ದಾರ ತಾನಾಗಿ ಬಿಚ್ಚಿಕೊಂಡು, ದಾರಕ್ಕಿಂತ ಮೊದಲು ಕೆಬರಿ ನೀರು ಮುಟ್ಟಬೇಕು. ಗಾಳದವನು ಕೂರುವುದೂ ಇಲ್ಲ, ಗುಂಡಿಯಿಂದ ಗುಂಡಿಗೆ ಹತ್ತುತ್ತಲೇ ಇರುತ್ತಾನೆ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ದೊಡ್ಡ ಮೀನು ಸಿಕ್ಕಿ ಓಡಿದರೆ ಬಿಟ್ಟುಕೊಡಲು ದಾರವೇ ಇಲ್ಲ. ಕೋಲನ್ನು ಬಾಗಿಸಿ ಹಿಡಿಯಬಹುದು, ದಂಡೆಯಲ್ಲಿ ಮೀನಿನ ಹಿಂದೆ ಓಡಬಹುದು, ಅದೂ ಸಾಲದಿದ್ದರೆ ತುದಿದಾರ ಹರಿಯಬೇಕು. ಕೋಲಿನ ತುದಿ ಉಳಿಯಲೆಂದೇ ತುದಿದಾರವನ್ನು ಬೇಕೆಂದು ದುರ್ಬಲವಾಗಿ ಇಡುತ್ತಾರೆ. ಅಗಲವಾದ ಹೊಳೆಗೂ ಬಿರುಗಾಳಿಗೂ ಇದು ಒಗ್ಗದು. ಅಮೆರಿಕನ್ನರು ಅದಕ್ಕೆ ತೂಕದ ಮಣಿಯ ಫ್ಲೈ ಕಟ್ಟಿದರು, ಕೆರೆಯ ಬಾಸ್ ಮೀನಿಗೂ ಕಾರ್ಪ್ ಮೀನಿಗೂ ಒಡ್ಡಿದರು, ಆಮೇಲೆ ಇದು ಟೆಂಕರಾ ಹೌದೋ ಅಲ್ಲವೋ ಎಂದು ಜಗಳವಾಡಿದರು. ಆ ಜಗಳದಲ್ಲಿ ನನ್ನ ಒಲವು ಹೆಸರನ್ನು ಬಿಗಿಯಾಗಿ ಹಿಡಿದವರ ಕಡೆಗಿದೆ. ಯಾವ ನೀರಿನಲ್ಲಿ ಹೇಗೆ ಮೀನು ಹಿಡಿಯಬೇಕೆಂಬ ಸ್ವಾತಂತ್ರ್ಯ ಎಲ್ಲರಿಗೂ ಇದೆ. ಆದರೆ ಬೆಟ್ಟದ ಹಳ್ಳವನ್ನು ತೆಗೆದುಹಾಕಿದರೆ ಆ ಪದದಲ್ಲಿ ಉಳಿಯುವುದು ರೀಲಿನ ಗೈರುಹಾಜರಿ ಮಾತ್ರ.

ಯುರೋಪಿನಲ್ಲಿ ಕತೆ ಸ್ವಲ್ಪ ಬೇರೆ. ಇಟಲಿಯ ವಾಲ್ಸೇಸಿಯಾ ಕಣಿವೆಯಲ್ಲಿ ಉದ್ದದ ಕೋಲಿಗೆ ಹೊಸೆದ ಕುದುರೆಗೂದಲಿನ ದಾರ ಕಟ್ಟಿ, ಒಂದರ ಬದಲು ಮೂರು ನಾಲ್ಕು ಫ್ಲೈಗಳನ್ನು ಸಾಲಾಗಿ ಬಿಡುವ ರೂಢಿ ಇಂದಿಗೂ ಇದೆ. ಇಂಗ್ಲೆಂಡಿನಲ್ಲಿಯೂ 17ನೇ ಶತಮಾನದ ಫ್ಲೈ ಗಾಳದವರು ದಾರವನ್ನು ಕೋಲಿನ ತುದಿಗೇ ಕಟ್ಟುತ್ತಿದ್ದರು. ಟೆಂಕರಾ ಬಂದ ಮೇಲೆ ಅನೇಕರ ಗಮನ ಈ ಹಳೆಯ ಸ್ವಂತ ರೂಢಿಗಳತ್ತ ಹೊರಳಿತು.

ಇನ್ನು ಅಮೆರಿಕದ ಹಳ್ಳಗಳು ಕೋಲನ್ನೇ ತಿದ್ದಿದವು. ಅಪಲಾಚಿಯನ್ ಬೆಟ್ಟಗಳ ಹಳ್ಳಗಳ ಮೇಲೆ ರೋಡೊಡೆಂಡ್ರಾನ್ ಪೊದೆಗಳು ಚಪ್ಪರದಂತೆ ಬಾಗಿರುವುದರಿಂದ ಅಲ್ಲಿ ನಾಲ್ಕು ಮೀಟರ್ ಕೋಲು ಬೀಸಿದರೆ ಮೀನಿಗಿಂತ ಮೊದಲು ಎಲೆ ಸಿಗುತ್ತದೆ. ಅದಕ್ಕಾಗಿ ಟೆಂಕರಾ ಯುಎಸ್ಎ ಮೂರು ಉದ್ದಗಳಿಗೆ ಹೊಂದಿಸಬಹುದಾದ ಗಿಡ್ಡ ಕೋಲೊಂದನ್ನು ಮಾಡಿ ಅದಕ್ಕೆ 'ರೋಡೊ' ಎಂದು ಆ ಪೊದೆಯ ಹೆಸರನ್ನೇ ಇಟ್ಟಿತು. ಅದರ ಜೋಡಿಯಾಗಿ ಬಂದ ಉದ್ದನೆಯ ಕೋಲಿಗೆ ಇಟ್ಟ ಹೆಸರು 'ಸಾಟೊ'. ಜಪಾನಿನಲ್ಲಿ ಬೀದಿಗೊಬ್ಬರಿರುವ ಅಡ್ಡಹೆಸರು ಅದು, ಆದ್ದರಿಂದ ಕೊಳ್ಳುವವನಿಗೆ ಯಾರೋ ಬೆಟ್ಟದ ಗುರುವಿನ ನೆನಪಿಗೆ ಇಟ್ಟದ್ದೆನಿಸಿದರೆ ಆಶ್ಚರ್ಯವಿಲ್ಲ. ಅದು 1878ರಲ್ಲಿ ತಾತೆಯಾಮಾದ ದಾರಿಯಲ್ಲಿ ಇವಾನಾ ಹಿಡಿಯುವವರನ್ನು ನೋಡಿ ದಿನಚರಿ ಬರೆದ ಅರ್ನೆಸ್ಟ್ ಸೇಟೊ ಎಂಬ ಇಂಗ್ಲಿಷ್ ಅಧಿಕಾರಿಯ ಹೆಸರು.